ದಾರಿ ಮುಚ್ಚಿದ ಬೇಸಿಗೆ

ಮೊದಲು ಬಂದದ್ದು ವಾಸನೆ. ಮುಂದೆ ನಡೆಯುತ್ತಿದ್ದ ಗೈಡ್ ತಟ್ಟನೆ ನಿಂತು, ಹಿಂದೆ ತಿರುಗದೆ ಎಡಗೈ ಎತ್ತಿದರು. ಅವರು ಕೈ ಎತ್ತಿದರೆ ಯಾರೂ ಒಂದು ಹೆಜ್ಜೆಯನ್ನೂ ಮುಂದಿಡಬಾರದು ಎಂಬುದು ನಮ್ಮ ಕ್ಯಾಂಪಿನ ನಿಯಮ. ನನ್ನ ಹಿಂದೆ ಸಾಲಾಗಿ ಬರುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಅಲ್ಲೇ ನಿಲ್ಲಿಸಿ ನಾನೊಬ್ಬಳೇ ಅವರ ಹತ್ತಿರ ಹೋದೆ.

ಕಾಲುದಾರಿಯಿಂದ ಸ್ವಲ್ಪ ಕೆಳಗೆ, ಉದುರಿ ಒಣಗಿದ ಎಲೆಗಳ ದರಗಿನ ಮೇಲೆ ಒಂದು ಮಂಗ ಬೋರಲಾಗಿ ಬಿದ್ದಿತ್ತು. ಬಾಲ ಮಾತ್ರ ನೆಟ್ಟಗೆ ಚಾಚಿಕೊಂಡಿತ್ತು. ನೊಣ ಮುತ್ತಿ ಮೈಯೆಲ್ಲ ಕಪ್ಪಗಾಗಿ ಕಾಣುತ್ತಿತ್ತು. ಸತ್ತು ಕೆಲವು ದಿನಗಳೇ ಆಗಿರಬೇಕು.

"ಮರದಿಂದ ಬಿದ್ದು ಸತ್ತಿದ್ದಾ?" ಎಂದೆ. ಹಾಗೇ ಆಗಿರಲಿ ಎಂಬ ಆಸೆ ನನ್ನದು.

"ಮಂಗ ಮರದಿಂದ ಬಿದ್ದು ಸಾಯದನ್ನ ಎಲ್ಲಾದ್ರೂ ನೋಡಿದೀರಾ ಮೇಡಂ?" ಎಂದರು ಅವರು, ದನಿ ತಗ್ಗಿಸಿ. "ಮಕ್ಕಳನ್ನ ಬಂದ ದಾರೀಲೇ ತಿರುಗ್ಸಿ. ಎಲ್ಲೂ ಕೂತ್ಕಳಕ್ಕೆ ಬಿಡ್ಬೇಡಿ. ಗಿಡಗಂಟಿ ಮುಟ್ಟದೂ ಬೇಡ."

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಬೇಸಿಗೆ ಕಾಡಿನಲ್ಲಿ ಮಂಗ ಸತ್ತಿದೆ ಎಂದರೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಉಣುಗು, ಎಂದರೆ ರಕ್ತ ಹೀರುವ ಉಣ್ಣೆ ಹುಳ, ಕಚ್ಚಿ ಮಂಗಕ್ಕೆ ಕಾಯಿಲೆ ಬರುತ್ತದೆ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳೆಲ್ಲ ಸುತ್ತಲಿನ ದರಗಿಗೆ ಇಳಿಯುತ್ತವೆ. ಆ ದರಗಿನ ಮೇಲೆ ನಡೆದವರಿಗೆ, ಕೂತವರಿಗೆ, ಅದನ್ನು ಗುಡಿಸಿ ಹೊತ್ತು ತಂದವರಿಗೆ ಜ್ವರ ಬರುತ್ತದೆ. ಅದೇ ಮಂಗನ ಕಾಯಿಲೆ. ಅದಕ್ಕೆಂದೇ ಇರುವ ಮದ್ದು ಇನ್ನೂ ಇಲ್ಲ. ಹಳೆಯ ಲಸಿಕೆಯನ್ನು ನಿಲ್ಲಿಸಿದ್ದರು, ಹೊಸದು ಇನ್ನೂ ಬಂದಿರಲಿಲ್ಲ. ಬಹಳ ಮಂದಿ ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ. ನಮ್ಮ ದುರದೃಷ್ಟವೆಂದರೆ ಕಾಯಿಲೆಯ ತಿಂಗಳುಗಳೂ ಪ್ರವಾಸಿಗಳ ತಿಂಗಳುಗಳೂ ಒಂದೇ. ಮಳೆ ಹೋಗಿ ದಾರಿ ಒಣಗಿದ ಮೇಲೆ ಜನ ಬರುತ್ತಾರೆ. ಉಣುಗು ಏಳುವುದೂ ಆಗಲೇ.

ಕಾರ್ಗಲ್‌ನಿಂದಾಚೆ, ಗುಡ್ಡದ ಇಳಿಜಾರಿನಲ್ಲಿದ್ದ ಆ ಕ್ಯಾಂಪಿನಲ್ಲಿ ನಾನು ಮ್ಯಾನೇಜರ್. ಕೆಲವು ಕಾಟೇಜು, ಕೆಲವು ಡೇರೆ, ಒಂದು ಊಟದ ಚಪ್ಪರ. ಕಾಡಿನ ಅಂಚಿನಿಂದ ಹಿಡಿದು ಕಣಿವೆ ಕಾಣುವ ಬಂಡೆಯವರೆಗೆ ಹೋಗುವ ಒಂದು ಚಾರಣದ ದಾರಿ. ಜನ ಬರುತ್ತಿದ್ದದ್ದು ಆ ದಾರಿಗಾಗಿಯೇ. ನಾನು ಸೇರಿದ ಹೊಸತರಲ್ಲಿ ಮಾಡಿದ ಮೊದಲ ಕೆಲಸ ಗೈಡ್ ಜೊತೆ ಇಡೀ ಜಾಗವನ್ನು ಸುತ್ತಿ, ಪ್ರತಿ ತಿರುವಿನಲ್ಲೂ ನಿಂತು, ಇಲ್ಲಿ ಏನು ಕೆಡಬಹುದು ಎಂದು ಕೇಳಿಕೊಂಡದ್ದು. ಜಾರುವ ಬಂಡೆ, ಗ್ಯಾಸ್ ಸಿಲಿಂಡರ್, ಹಾವು, ಹಿನ್ನೀರಿಗೆ ಇಳಿಯುವ ಕುಡುಕರು, ಕಾಳ್ಗಿಚ್ಚು, ಮಂಗನ ಕಾಯಿಲೆ. ಅಪಾಯ ನಿರ್ವಹಣೆ ದೊಡ್ಡ ವಿದ್ಯೆಯೇನಲ್ಲ. ಏನು ಕೆಡಬಹುದು, ಕೆಡುವ ಸಂಭವ ಎಷ್ಟು, ಕೆಟ್ಟರೆ ಪೆಟ್ಟು ಎಷ್ಟು ದೊಡ್ಡದು ಎಂದು ಅಳೆಯಬೇಕು. ಆಮೇಲೆ ನಾಲ್ಕರಲ್ಲಿ ಒಂದನ್ನು ಮಾಡಬೇಕು. ಆ ಅಪಾಯದಿಂದಲೇ ದೂರ ಉಳಿಯಬೇಕು, ಇಲ್ಲವೇ ಅದನ್ನು ತಗ್ಗಿಸಬೇಕು, ಇಲ್ಲವೇ ವಿಮೆಯಂಥ ದಾರಿಯಿಂದ ಬೇರೆಯವರ ಹೆಗಲಿಗೆ ದಾಟಿಸಬೇಕು. ಮೂರೂ ಆಗದಿದ್ದರೆ ಗೊತ್ತಿದ್ದೇ ಒಪ್ಪಿಕೊಳ್ಳಬೇಕು. ನಾನು ಇದನ್ನು ಹೊಸಬರಿಗೆ ಹೇಳಿಕೊಡುವಾಗ ಗೈಡ್ ಪಕ್ಕದಲ್ಲಿ ನಿಂತು ನಗುತ್ತಿದ್ದರು. "ಜಿಗಣೆ ಜಾತಿ ಇಂಬಳ ಮಳೆಗಾಲದ ಟ್ಯಾಕ್ಸು, ಉಣುಗು ಬೇಸಿಗೆ ಟ್ಯಾಕ್ಸು. ಕಾಡು ಪುಕ್ಕಟೆ ಒಳಗೆ ಬಿಡದಿಲ್ಲ" ಎನ್ನುತ್ತಿದ್ದರು.

ಆ ದಿನ ನಾವು ಯೋಜನೆಯಲ್ಲಿದ್ದಂತೆಯೇ ನಡೆದುಕೊಂಡೆವು. ಹೊರಡುವ ಮೊದಲು ಎಲ್ಲರ ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ ಹಚ್ಚಿಸಿದ್ದೆವು. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿತ್ತು. ಕ್ಯಾಂಪಿಗೆ ಮರಳಿದ ಕೂಡಲೇ ಎಲ್ಲರಿಗೂ ಸೋಪು ಹಚ್ಚಿ ಬಿಸಿನೀರ ಸ್ನಾನ. ತೊಟ್ಟ ಬಟ್ಟೆಯನ್ನೆಲ್ಲ ಕುದಿನೀರಿಗೆ ಹಾಕಿಸಿದೆವು. ಹುಡುಗಿಯರ ಕುತ್ತಿಗೆ, ಕಿವಿಯ ಹಿಂದೆ, ಮಂಡಿಯ ಸಂದು ನಾನು ನೋಡಿದೆ, ಹುಡುಗರದ್ದನ್ನು ಗೈಡ್ ನೋಡಿದರು. ಮರಿ ಉಣುಗು ಎಳ್ಳಿನ ಕಾಳಿಗಿಂತ ಸಣ್ಣದು. ಒಬ್ಬ ಹುಡುಗನ ಕಾಲಿನ ಹಿಂಭಾಗದಲ್ಲಿ ಒಂದು ಸಿಕ್ಕಿತು, ಕಚ್ಚಿರಲಿಲ್ಲ. ಜೊತೆಗೆ ಬಂದಿದ್ದ ಅಧ್ಯಾಪಕರಿಗೆ ವಿಷಯ ಹೇಳಿ, ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ಡಾಕ್ಟರಿಗೆ ಮೊದಲು ತಿಳಿಸಿ ಎಂದೆ. ಅವರು ಮಧ್ಯಾಹ್ನವೇ ಬಸ್ಸು ತರಿಸಿಕೊಂಡು ಹೊರಟುಹೋದರು.

ಬಸ್ಸು ಹೋದ ಮೇಲೆ ಮಾಲೀಕರಿಗೆ ಫೋನ್ ಮಾಡಿದೆ. ಅವರು ವಿದ್ಯುತ್ ಯೋಜನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಸಾಗರದಲ್ಲಿ ಮನೆ. ಒಳ್ಳೆಯ ಮನುಷ್ಯ. ನನ್ನ ಸುರಕ್ಷತಾ ಯೋಜನೆಯನ್ನು ಸಾಲು ಸಾಲಾಗಿ ಓದಿ ಮೆಚ್ಚಿದ್ದರು.

"ಟೆಸ್ಟ್ ಆಗಿದೆಯಾ?" ಎಂದು ಕೇಳಿದರು.

"ಈಗಷ್ಟೇ ಸಿಕ್ಕಿದೆ ಸರ್. ಆರೋಗ್ಯ ಕೇಂದ್ರಕ್ಕೆ ಹೇಳ್ಬೇಕು."

"ಹೇಳೋಣ. ಯಾರು ಬೇಡ ಅಂದ್ರು? ಈ ವಾರದ ಬುಕಿಂಗ್ ಒಂದು ಮುಗೀಲಿ. ಆ ದಾರಿ ಬಿಟ್ಟು ಬೇರೆ ಕಡೆ ಕರ್ಕೊಂಡು ಹೋಗಿ."

"ಬೇರೆ ಕಡೆ ಅಂದ್ರೂ ಅದೇ ಕಾಡಲ್ವಾ ಸರ್? ಕೆಳಗಿನ ಊರಿನ ಹೆಂಗಸರು ಕೊಟ್ಟಿಗೆಗೆ ದರಗು ತರಕ್ಕೆ ದಿನಾ ಅಲ್ಲಿಗೇ ಹೋಗ್ತಾರೆ."

"ಅಣೆಕಟ್ಟಿನಲ್ಲಿ ನಾನೂ ಸೇಫ್ಟಿ ನೋಡಿದವನೇ. ಪ್ರೂಫ್ ಇಲ್ಲದೆ ಸೈರನ್ ಒತ್ತಬಾರದು. ಒಂದ್ಸಲ ಒತ್ತಿದ ಮೇಲೆ ವಾಪಸ್ ತಗೊಳ್ಳೋಕಾಗಲ್ಲ" ಎಂದರು.

ಅವರ ಮಾತು ಸುಳ್ಳಲ್ಲ. ಕಾಯಿಲೆಯ ಹೆಸರು ಒಮ್ಮೆ ಹೊರಬಿದ್ದರೆ ನಮ್ಮ ಕ್ಯಾಂಪು ಮಾತ್ರವಲ್ಲ, ಸುತ್ತಲಿನ ಹೋಮ್‌ಸ್ಟೇಗಳೆಲ್ಲ ಆ ಬೇಸಿಗೆ ಖಾಲಿ ಕೂರಬೇಕು. ಆದರೆ ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠವೇ ಬೇರೆಯಿತ್ತು. ಪೆಟ್ಟು ಜೀವಕ್ಕೆ ಬೀಳುವಂಥದ್ದಾದರೆ ಪುರಾವೆಗಾಗಿ ಕಾಯಬಾರದು. ಊಟದ ಚಪ್ಪರದ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತಿದ್ದೆ. ಗೈಡ್ ಒಲೆಯ ಬಳಿ ಕೂತು ನಮ್ಮಿಬ್ಬರ ಬಟ್ಟೆ ಕುದಿಯುವುದನ್ನೇ ನೋಡುತ್ತಿದ್ದರು.

"ನೀವೇನಂತೀರಿ?" ಎಂದೆ.

"ನಾನೆಂತ ಹೇಳದು ಮೇಡಂ. ನಮ್ಮೂರಲ್ಲಿ ಆ ವರ್ಷ ಜ್ವರ ಬಂದಾಗ ನಮ್ಮ ದೊಡ್ಡಮ್ಮ ಹೋದ್ರು. ಮಂಗ ಸತ್ತಿದ್ದು ಎಲ್ರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರ್ಲಿಲ್ಲ." ಕುದಿಯುವ ಬಟ್ಟೆಯನ್ನು ಕೋಲಿನಿಂದ ಒತ್ತಿ ಮತ್ತೆ ಹೇಳಿದರು: "ಹೇಳಿ. ಆದ್ರೆ ಹೇಳಿದ್ಮೇಲೆ ದಾರಿ ಮುಚ್ಚತ್ತೆ. ದಾರಿ ಮುಚ್ಚಿದ್ರೆ ನಂಗೆ ಕೆಲ್ಸ ಇಲ್ಲ. ಅದೂ ಗೊತ್ತಿರ್ಲಿ."

ನಾನು ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ತಂಡ ಬಂತು. ಪಶುವೈದ್ಯರು ಮತ್ತು ಇಬ್ಬರು ಸಹಾಯಕರು ಮೈಪೂರಾ ಮುಚ್ಚುವ ಬಿಳಿ ಉಡುಪು ತೊಟ್ಟು ಕಾಡಿಗಿಳಿದರು. ದಾರಿ ತೋರಿಸಲು ಗೈಡ್ ಹೋದರು, ನಾನೂ ಹೋದೆ. ಅಂಗಾಂಗದ ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ಕ್ರಮ. ವೈದ್ಯರು ಬಗ್ಗಿ ನೋಡಿ ತಲೆಯಾಡಿಸಿದರು.

"ಕೊಳೆತು ಹೋಗಿದೆ. ಸ್ಯಾಂಪಲ್ ಬರಲ್ಲ" ಎಂದರು.

"ಹಾಗಾದ್ರೆ ಏನಂತ ತಿಳ್ಕೊಳ್ಳೋದು ಡಾಕ್ಟ್ರೇ?"

"ಏನೂ ತಿಳ್ಕೊಳ್ಳೋಕಾಗಲ್ಲ. ಇದೆ ಅಂತಲೇ ನಡ್ಕೋಬೇಕು."

ಮಂಗವನ್ನು ಅಲ್ಲೇ ಸೌದೆ ಒಟ್ಟಿ ಸುಟ್ಟರು. ಸುತ್ತ ಕೀಟನಾಶಕದ ಪುಡಿ ಉದುರಿಸಿದರು. ಯಾರೂ ಒಳಗೆ ಹೋಗದಂತೆ ಮರದಿಂದ ಮರಕ್ಕೆ ಎಚ್ಚರಿಕೆಯ ಪಟ್ಟಿ ಕಟ್ಟಿದರು. ಆರೋಗ್ಯ ಸಹಾಯಕಿ ಕೆಳಗಿನ ಊರಿನ ಮನೆಮನೆಗೆ ಹೋಗಿ ಎಣ್ಣೆಯ ಬಾಟಲಿ ಕೊಟ್ಟು, ಕಾಡಿಗೆ ಹೋಗಬೇಡಿ ಎಂದು ಹೇಳಿ ಬಂದರು. ನಾನು ಚಾರಣದ ದಾರಿಯ ಬಾಯಿಗೆ ಬಿದಿರಿನ ಗಳ ಅಡ್ಡ ಕಟ್ಟಿಸಿ, ಮುಂದಿನ ಅತಿಥಿಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಇದ್ದ ವಿಷಯ ಹೇಳಿದೆ. ಬನ್ನಿ, ಆದರೆ ಚಾರಣ ಇರುವುದಿಲ್ಲ ಎಂದೆ. ಕೆಲವರು ನಯವಾಗಿ ಬೇಡವೆಂದರು. ಕೆಲವರು ಬೈದರು. ಒಬ್ಬರು ಮಾತ್ರ ಬಂದು ಒಂದು ರಾತ್ರಿ ಇದ್ದು, ಕಾಟೇಜಿನ ಕಿಟಕಿಯನ್ನೂ ತೆರೆಯದೆ ಹೋದರು.

ವಾರ ಕಳೆಯುವುದರೊಳಗೆ ಸಾಗರದಲ್ಲಿ ಹೋಮ್‌ಸ್ಟೇ, ರೆಸಾರ್ಟಿನವರ ಸಭೆ ಕರೆದರು. ಸಭೆ ಎಂದದ್ದು ಹೆಸರಿಗೆ, ಕರೆದದ್ದು ನನ್ನನ್ನು ಕೇಳುವುದಕ್ಕೆ. ನಾನು ಒಳಗೆ ಹೋಗುವಾಗ ಬಾಗಿಲಲ್ಲೇ ಒಬ್ಬರು ಫೋನಿನಲ್ಲಿ ತಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ಎಂತ ಮಾಡದು ಮಾರಾಯ? ಒಂದು ಬುಕಿಂಗೂ ಇಲ್ಲೆ. ಎಲ್ಲ ಆ ಕ್ಯಾಂಪಿನವರ ಉಪಕಾರ."

ನಿಟ್ಟೂರಿನ ಕಡೆ ದೊಡ್ಡ ರೆಸಾರ್ಟ್ ನಡೆಸುತ್ತಿದ್ದವರೊಬ್ಬರು ಎದ್ದು ನಿಂತರು. ಮಾತಿನಲ್ಲಿ ಸಿಟ್ಟು ಇರಲಿಲ್ಲ.

"ಮೇಡಂ, ಮಂಗಕ್ಕೆ ಕಾಯಿಲೆ ಇತ್ತು ಅಂತ ರಿಪೋರ್ಟ್ ಇದೆಯಾ?"

"ಇಲ್ಲ. ಸ್ಯಾಂಪಲ್ ತೆಗೆಯೋಕೆ ಆಗಲಿಲ್ಲ."

"ಅಂದ್ರೆ ಇಲ್ಲ."

"ಇಲ್ಲ ಅಂತಲೂ ರಿಪೋರ್ಟ್ ಇಲ್ಲ."

ಕೆಲವರು ನಕ್ಕರು. ಅವರು ನಗಲಿಲ್ಲ. "ನೋಡಿ, ನಿಮ್ಮ ಕ್ಯಾಂಪು ಒಂದು ಬೇಸಿಗೆ ಮುಚ್ಚಿದ್ರೆ ನಿಮ್ಮ ಓನರ್‌ಗೆ ಪೆನ್ಶನ್ ಇದೆ. ನಂಗೆ ಹಂಗಿಲ್ಲ. ನಮ್ಮಲ್ಲಿ ಜೀಪ್ ಡ್ರೈವರ್‌ಗಳು, ಅಡಿಗೆಯವ್ರು, ಬಟ್ಟೆ ತೊಳೆಯೋರು ಎಲ್ಲ ಇದನ್ನೇ ನಂಬ್ಕೊಂಡಿದಾರೆ. ನಿಮ್ಮ ಫೋನು ಅವ್ರ ಹೊಟ್ಟೆ ಮೇಲೆ ಹೊಡೀತು. ನಾವು ದಾರಿ ಮುಚ್ಚಲ್ಲ."

"ಮುಚ್ಚಬೇಡಿ. ಬಂದವರಿಗೆ ಎಣ್ಣೆಯನ್ನಾದ್ರೂ ಕೊಡಿ. ಕರ್ಕೊಂಡು ಹೋಗೋರಿಗಾದ್ರೂ ಕೊಡಿ" ಎಂದೆ. ಸಭೆ ಆ ಮಾತಿಗೆ ನಿಲ್ಲದೆ ಮುಂದೆ ಹೋಯಿತು. ಜಾಹೀರಾತು, ರಿಯಾಯಿತಿ, ಕರಾವಳಿ ಕಡೆಯ ಪ್ರವಾಸಿಗಳನ್ನು ಸೆಳೆಯುವ ಬಗೆ ಎಲ್ಲ ಚರ್ಚೆಯಾಯಿತು. ನಾನು ಕೊನೆಯವರೆಗೂ ಕೂತಿದ್ದೆ. ಚಹಾ ಕೊಡುವಾಗ ನನ್ನ ಪಕ್ಕದ ಕುರ್ಚಿಗಳು ಖಾಲಿಯಿದ್ದವು.

ಇಷ್ಟರವರೆಗೆ ನನಗೆ ಬೇಸರವಿತ್ತು, ಭಯವಿರಲಿಲ್ಲ. ಅತಿಥಿಗಳಲ್ಲಿ ಯಾರಿಗೂ ಜ್ವರ ಬರಲಿಲ್ಲ. ಕಾಲೇಜಿನ ಅಧ್ಯಾಪಕರಿಗೆ ಆಗಾಗ ಫೋನ್ ಮಾಡಿ ಕೇಳುತ್ತಿದ್ದೆ, ಎಲ್ಲರೂ ಚೆನ್ನಾಗಿದ್ದರು. ಕೆಳಗಿನ ಊರಿನಲ್ಲೂ ಯಾರೂ ಜ್ವರ ಹಿಡಿದು ಮಲಗಲಿಲ್ಲ. ಯೋಜನೆ ಕೆಲಸ ಮಾಡಿತ್ತು.

ಗೈಡ್ ವಿಚಾರ ಮಾತ್ರ ಬಗೆಹರಿಯಲಿಲ್ಲ. ಅವರು ನಮ್ಮಲ್ಲಿ ಸಂಬಳದವರಲ್ಲ. ಚಾರಣ ನಡೆದ ದಿನಕ್ಕೆ ಕೂಲಿ. ದಾರಿ ಮುಚ್ಚಿದ ದಿನವೇ ಮಾಲೀಕರ ಬಳಿ ಈ ಮಾತೆತ್ತಿದ್ದೆ. ಮಳೆ ಬರುವವರೆಗೆ ಅವರ ಕೂಲಿಯನ್ನು ನಾವೇ ಕೊಡಬೇಕು, ಇದೂ ಸುರಕ್ಷತೆಯ ಖರ್ಚೇ ಎಂದೆ. ಮಾಲೀಕರು ಇಲ್ಲವೆನ್ನಲಿಲ್ಲ. ಕೆಲಸ ಏನಾದರೂ ಮಾಡಿಸಿ, ಸ್ವಲ್ಪ ದಿನ ಕೊಡೋಣ ಎಂದರು. ಗೈಡ್ ಕಾಟೇಜುಗಳ ಸುತ್ತಲಿನ ದರಗು ಬಳಿದು ಸುಟ್ಟರು, ಬೇಲಿ ಸರಿಮಾಡಿದರು, ಚಪ್ಪರದ ಸೋಗೆ ಬದಲಿಸಿದರು, ನೀರಿನ ಟ್ಯಾಂಕ್ ತೊಳೆದರು. ಮಾಡಿಸಲು ಇದ್ದ ಕೆಲಸ ಮುಗಿಯಿತು. ಕ್ಯಾಂಪಿಗೆ ಬರುವ ಜನರೇ ಇರಲಿಲ್ಲ.

"ಅಡಿಗೆಯವರನ್ನೂ ಕಾವಲುಗಾರನನ್ನೂ ಉಳಿಸ್ಕೊಂಡಿದೀನಿ. ಇನ್ನೆಷ್ಟು ಅಂತ ಮಾಡ್ಲಿ ಹೇಳಿ" ಎಂದರು ಮಾಲೀಕರು. ಅವರ ದನಿಯಲ್ಲಿ ದಣಿವಿತ್ತು. ನನ್ನ ಸಂಬಳದಲ್ಲಿ ಸ್ವಲ್ಪ ಕಡಿದು ಅವರಿಗೆ ಕೊಡಿ ಎಂದೆ. ಅದನ್ನು ಗೈಡ್ ಒಪ್ಪಲಿಲ್ಲ.

"ದುಡೀದೆ ತಗಳದು ಅಭ್ಯಾಸ ಇಲ್ಲ ಮೇಡಂ. ಮಗಳು ಸಾಗರದಾಗೆ ಪಿಯುಸಿ ಓದ್ತಿದಾಳೆ, ಒಂದು ಬೇಸಿಗೆ ಸುಮ್ನೆ ಕೂರಕ್ಕಾಗದಿಲ್ಲ. ನಿಟ್ಟೂರು ಕಡೆ ರೆಸಾರ್ಟ್‌ನೋರು ಕರೀತಿದಾರೆ. ಅಲ್ಲೇ ಉಳ್ಕಂಡು, ವಾರಕ್ಕೊಂದ್ಸಲ ಮನೆಗೆ ಬರದು."

"ಅಲ್ಲೂ ಕಾಡೇ."

"ಹೂಂ. ಕಾಡು ಬಿಟ್ರೆ ನಂಗೆ ಬರದೆಂತ?"

ನಮ್ಮಲ್ಲಿ ಉಳಿದಿದ್ದ ಎಣ್ಣೆಯ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಕೊಟ್ಟೆ. ನೀವೂ ಹಚ್ಚಿಕೊಳ್ಳಿ, ಬಂದವರಿಗೂ ಹಚ್ಚಿ ಎಂದೆ. ಹೂಂಗುಟ್ಟಿ ತೆಗೆದುಕೊಂಡು ಹೋದರು.

ಆಮೇಲೆ ಅವರನ್ನು ನೋಡಿದ್ದು ಸಾಗರದ ಬಸ್ ಸ್ಟ್ಯಾಂಡಿನಲ್ಲಿ. ನಿಟ್ಟೂರಿಗೆ ಹೋಗಲು ಹೊಸನಗರದ ಬಸ್ಸಿಗೆ ಕಾಯುತ್ತಿದ್ದರು. ರೆಸಾರ್ಟಿನ ಹೆಸರು ಬರೆದ ಹಸಿರು ಟೀ ಶರ್ಟು, ತಲೆಗೊಂದು ಟೋಪಿ. ನನ್ನನ್ನು ನೋಡಿ ನಾಚಿಕೊಂಡವರಂತೆ ಟೋಪಿ ತೆಗೆದರು. ಬಿಡುವಿಲ್ಲದಷ್ಟು ಕೆಲಸ ಎಂದರು. ಈ ಕಡೆಯ ಕ್ಯಾಂಪುಗಳು ಖಾಲಿಯಾದ ಮೇಲೆ ಚಾರಣ ಬೇಕೆನ್ನುವವರೆಲ್ಲ ಅಲ್ಲಿಗೇ ಬರುತ್ತಿದ್ದಾರಂತೆ.

"ಎಣ್ಣೆ ಹಚ್ತೀರಲ್ವಾ?"

ಅವರು ರಸ್ತೆಯ ಕಡೆ ನೋಡಿದರು. "ಗೆಸ್ಟ್‌ಗೆ ಕೊಡದು ಬೇಡ ಅಂದಿದಾರೆ. ಕೊಟ್ರೆ ಯಾಕೆ ಅಂತ ಕೇಳ್ತಾರಲ್ಲ, ಹೆದರ್ತಾರೆ."

"ನೀವು?"

"ಅದರ ವಾಸ್ನೆ ಗೊತ್ತಲ್ಲ ಮೇಡಂ ನಿಮಗೆ. ನಾನು ಹಚ್ಕಂಡು ಮುಂದೆ ಹೋದ್ರೆ ಹಿಂದೆ ಬರೋರು ಎಂತದಿದು ವಾಸ್ನೆ ಅಂತಾರೆ. ಒಂದಿನ ಕೇಳೇ ಬಿಟ್ರು. ಸಂಜೆ ಮ್ಯಾನೇಜರ್ ಕರ್ದು ಹೇಳಿದ್ರು, ಹಂಗೆಲ್ಲ ಮಾಡ್ಬೇಡ ಅಂತ." ನನ್ನ ಮುಖ ನೋಡಿ ನಕ್ಕರು. "ಸಂಜೆ ಬಿಸಿನೀರು ಸ್ನಾನ ಮಾಡ್ತೀನಿ. ಅಷ್ಟು ಮಾಡಿದ್ರೆ ಸಾಕು."

ಸಾಲದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಿಟ್ಟು ಬನ್ನಿ ಎನ್ನಲು ಬಾಯಿ ತೆರೆದೆ. ಬಂದರೆ ಕೊಡಲು ನನ್ನ ಬಳಿ ಕೆಲಸವಿರಲಿಲ್ಲ. ಬಸ್ಸು ಬಂತು. ಹತ್ತಿ, ಕಿಟಕಿಯಿಂದ ಕೈ ಬೀಸಿದರು.

ಅಂದೇ ತಾಲ್ಲೂಕಿನ ಆರೋಗ್ಯ ಕಚೇರಿಗೆ ಹೋಗಿ ಅಧಿಕಾರಿಗಳಿಗೆ ಎಲ್ಲ ಹೇಳಿದೆ. ಚಾರಣಕ್ಕೆ ಕರೆದೊಯ್ಯುವವರಿಗೆ ಎಣ್ಣೆ ಕಡ್ಡಾಯ ಮಾಡಿ ಎಂದು ಬೇಡಿಕೊಂಡೆ. ಆ ಜಾಗ ಬೇರೆ ತಾಲ್ಲೂಕಿಗೆ ಸೇರಿದ್ದು, ಅಲ್ಲಿಗೆ ತಿಳಿಸುತ್ತೇನೆ ಎಂದರು. ತಿಳಿಸಿದರೆಂದೂ ಆಮೇಲೆ ಗೊತ್ತಾಯಿತು. ಅಲ್ಲಿಂದ ಒಬ್ಬರು ರೆಸಾರ್ಟಿಗೆ ಹೋಗಿ ಹೇಳಿ ಬಂದಿದ್ದರು. ರೆಸಾರ್ಟಿನವರು ಕೌಂಟರಿನ ಮೇಲೆ ಕೆಲವು ಬಾಟಲಿಗಳನ್ನು ಇಟ್ಟಿದ್ದರಂತೆ, ಹೇಳಲು ಬಂದವರು ತಿರುಗಿ ಹೋಗುವವರೆಗೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೈಡ್ ಹೆಂಡತಿ ಫೋನ್ ಮಾಡಿದರು. ಅವರನ್ನು ನಾನು ಒಂದೆರಡು ಸಲ ಕ್ಯಾಂಪಿನಲ್ಲಿ ನೋಡಿದ್ದೆ. ಎರಡು ದನ ಕಟ್ಟಿ ಹಾಲು ಹಾಕುತ್ತಿದ್ದ ಗಟ್ಟಿ ಹೆಂಗಸು. ಅವತ್ತು ದನಿ ಒಡೆದಿತ್ತು.

"ನಿನ್ನೆ ಮನೆಗೆ ಬಂದ್ರು, ರಾತ್ರಿಯಿಂದ ಜ್ವರ ಅಕ್ಕಾ. ತಲೆ ಒಡೆದು ಹೋಗತ್ತೆ ಅಂತಾರೆ. ಕಣ್ಣು ಬಿಡಕ್ಕಾಗ್ತಾ ಇಲ್ಲ. ಬರೀ ಥಂಡಿ ಅಂತಾರೆ, ನಂಗೆ ಅಲ್ಲ ಅನ್ಸತ್ತೆ."

ಕ್ಯಾಂಪಿನ ಜೀಪಿನಲ್ಲಿ ಗೈಡ್ ಅವರನ್ನು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಜೀಪಿನ ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಪ್ರತಿ ಗುಂಡಿಗೂ ನರಳುತ್ತಿದ್ದರು. ಡಾಕ್ಟರು ಏನು ಕೆಲಸ ಎಂದು ಕೇಳಿದಾಗ ನಾನೇ ಉತ್ತರ ಹೇಳಿದೆ. ರಕ್ತ ತೆಗೆದು ಕಳಿಸಿದರು. ಮಂಗನ ಕಾಯಿಲೆಯೇ ಎಂದು ಫಲಿತಾಂಶ ಬಂತು. ಈ ಸಲ ಪುರಾವೆ ಇತ್ತು.

ವಾರ ಕಳೆದ ಮೇಲೆ ಜ್ವರ ಇಳಿಯಿತು. ಒಸಡಿನಿಂದ ಬರುತ್ತಿದ್ದ ರಕ್ತವೂ ನಿಂತಿತು. ನಾನು ನೋಡಲು ಹೋದಾಗ ಗಂಜಿ ಕುಡಿಯುತ್ತಿದ್ದರು. ಕೆನ್ನೆ ಗುಳಿಬಿದ್ದಿತ್ತು.

"ಟ್ಯಾಕ್ಸ್ ಕಟ್ಟಿ ಮುಗೀತು ಮೇಡಂ" ಎಂದರು.

ನಾನು ನಕ್ಕೆ. ಹೆಂಡತಿ ನನ್ನ ಕೈ ಹಿಡಿದುಕೊಂಡರು. ಕೆಲವು ದಿನಗಳಲ್ಲಿ ಆಸ್ಪತ್ರೆಯವರು ಗೈಡ್ ಅವರನ್ನು ಮನೆಗೆ ಕಳಿಸಿದರು. ಒಂದಷ್ಟು ದಿನ ಅಂಗಳದಲ್ಲಿ ಬಿಸಿಲಿಗೆ ಕೂರುತ್ತಿದ್ದರಂತೆ.

ಕೆಲವರಲ್ಲಿ ಈ ಜ್ವರ ಬಿಟ್ಟು ಮತ್ತೆ ಬರುತ್ತದೆ. ಎರಡನೆಯ ಸಲ ಬಂದರೆ ಮಿದುಳಿಗೂ ಹೋಗಬಹುದು. ಅವರಿಗೆ ಹಾಗೇ ಆಯಿತು. ಮಾತು ತೊದಲಿತು, ಮಗಳ ಗುರುತು ಹತ್ತಲಿಲ್ಲ, ಆಮೇಲೆ ಸೆಳೆತ. ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರುಗಳು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಗಾಜಿನ ಬಾಗಿಲಾಚೆ ಅವರ ಎಡಗೈ ಹಾಸಿಗೆಯ ಅಂಚಿಗೆ ಕಟ್ಟಿದ್ದದ್ದು ಮಾತ್ರ ನಮಗೆ ಕಾಣುತ್ತಿತ್ತು. ಮಾಲೀಕರೂ ಬಂದಿದ್ದರು. ಗೋಡೆಗೆ ಒರಗಿ ನಿಂತಿದ್ದರು. ಯುಗಾದಿಗೆ ಮೊದಲೇ ಗೈಡ್ ತೀರಿಕೊಂಡರು.

ಮಣ್ಣಿಗೆ ನಿಟ್ಟೂರಿನ ರೆಸಾರ್ಟಿನವರೂ ಬಂದಿದ್ದರು. ಸಭೆಯಲ್ಲಿ ಮಾತಾಡಿದ ಅದೇ ಯಜಮಾನರು. ಹಾರ ಹಾಕಿ, ಕಣ್ಣೊರೆಸಿಕೊಂಡು ನನ್ನ ಬಳಿ ಬಂದರು.

"ಪಾಪ. ಒಳ್ಳೆ ಮನುಷ್ಯ" ಎಂದರು. ಆಮೇಲೆ ದನಿ ತಗ್ಗಿಸಿ, "ನಮ್ಮಲ್ಲೇ ಆಗಿದ್ದು ಅಂತ ಹೇಳೋಕಾಗಲ್ಲ ನೋಡಿ. ವಾರಕ್ಕೊಂದ್ಸಲ ಊರಿಗೆ ಹೋಗ್ತಿದ್ರು. ಇಲ್ಲಿನ ಕಾಡಲ್ಲೇ ಕಚ್ಚಿರಬಹುದು. ನಿಮ್ಮಲ್ಲೇ ತಾನೇ ಮೊದಲು ಮಂಗ ಸತ್ತಿದ್ದು?"

ಯಾವ ಉಣುಗು ಎಲ್ಲಿ ಕಚ್ಚಿತೆಂದು ಯಾರೂ ಹೇಳಲಾರರು. ಆ ಯಜಮಾನರು ಕ್ರೂರಿಯೂ ಅಲ್ಲ. ಅವರ ಜೀಪ್ ಡ್ರೈವರುಗಳ ಮನೆಗಳಲ್ಲಿ ಆ ಬೇಸಿಗೆ ಒಲೆ ಉರಿದದ್ದು ನಿಜ. ನಾನು ಗೈಡ್ ಹೆಂಡತಿ, ಮಗಳು ಕೂತಿದ್ದ ಕಡೆ ಹೋದೆ.

ಆಮೇಲಿನ ದಿನಗಳಲ್ಲಿ ನಾನು ಮತ್ತೆ ಮತ್ತೆ ಯೋಚಿಸಿದ್ದು ಒಂದೇ ವಿಷಯವನ್ನು. ಮಂಗ ಸಿಕ್ಕ ದಿನ ಫೋನ್ ಮಾಡದೆ ಇದ್ದಿದ್ದರೆ? ಗೈಡ್ ನಮ್ಮಲ್ಲೇ ಉಳಿಯುತ್ತಿದ್ದರು, ಎಣ್ಣೆ ಹಚ್ಚಿಕೊಂಡು. ಆದರೆ ಕೆಳಗಿನ ಊರಿನ ಹೆಂಗಸರು ದರಗಿಗೆ ಹೋಗುತ್ತಿದ್ದರು. ಆ ಕಾಲೇಜಿನ ಮಕ್ಕಳ ಹಿಂದೆ ಮತ್ತೊಂದು ಕಾಲೇಜಿನ ಮಕ್ಕಳು ಬರುತ್ತಿದ್ದರು. ಎಷ್ಟು ಸಲ ತೂಗಿದರೂ ನಾನು ಆ ಫೋನನ್ನು ಮತ್ತೆ ಮಾಡುತ್ತೇನೆ. ಅದರಿಂದ ಸಮಾಧಾನವೇನೂ ಸಿಗಲಿಲ್ಲ. ನಾವು ಅಪಾಯದಿಂದ ದೂರ ಉಳಿದೆವು ಎಂದುಕೊಂಡಿದ್ದೆ. ಉಳಿದದ್ದು ಕ್ಯಾಂಪು. ಅಪಾಯ ಗೈಡ್ ಜೊತೆ ಬಸ್ಸು ಹತ್ತಿ ನಿಟ್ಟೂರಿಗೆ ಹೋಗಿತ್ತು.

ಮಳೆಗಾಲದಲ್ಲಿ ತೀರ್ಥಹಳ್ಳಿಯಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ಒಂದು ತರಬೇತಿ ಇತ್ತು. ನನ್ನನ್ನೂ ಮಾತಾಡಲು ಕರೆದಿದ್ದರು. ನಾಲ್ಕು ದಾರಿಗಳನ್ನು ಹೇಳಿ, ಐದನೆಯದಾಗಿ ಒಂದು ಪ್ರಶ್ನೆ ಸೇರಿಸಿದೆ. ನೀವು ಬಾಗಿಲು ಮುಚ್ಚಿದಾಗ ನಿಮ್ಮ ದಿನಗೂಲಿಯವರು ಎಲ್ಲಿಗೆ ಹೋಗುತ್ತಾರೆ? ಸಭೆ ಗಂಭೀರವಾಗಿ ಕೇಳಿಸಿಕೊಂಡಿತು. ಕೊನೆಯಲ್ಲಿ ಒಬ್ಬರು ಎದ್ದು, ಕೆಲಸವಿಲ್ಲದವರಿಗೆ ಕೂಲಿ ಕೊಡುವ ವಿಮೆ ಯಾವುದಾದರೂ ಇದೆಯೇ ಎಂದು ಕೇಳಿದರು. ನನಗೆ ತಿಳಿದಂತೆ ಇಲ್ಲ ಎಂದೆ. ಅವರು ಕೂತರು.

ಮಾಲೀಕರ ಮುಂದೆಯೂ ಹೊಸ ಯೋಜನೆ ಇಟ್ಟೆ. ದಾರಿ ಮುಚ್ಚಿದರೆ ಮಳೆ ಬರುವವರೆಗೆ ಗೈಡಿಗೆ ಅರ್ಧ ಕೂಲಿ ಎಂಬುದು ಅದರಲ್ಲಿ ಸೇರಿತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟರು.

"ಈ ವರ್ಷ ಆಗಲ್ಲಮ್ಮ" ಎಂದರು. "ಕಳೆದ ಬೇಸಿಗೆಯಿಂದ ನಾನಿನ್ನೂ ಎದ್ದಿಲ್ಲ. ಮುಂದಿನ ವರ್ಷ ನೋಡೋಣ." ರಾಜೀನಾಮೆ ಕೊಡುತ್ತೇನೆ ಎಂದೆ. ಕೊಡಿ, ನಾನು ತಡೆಯಲ್ಲ, ನಿಮ್ಮ ಜಾಗಕ್ಕೆ ಬರುವವರು ಎಣ್ಣೆಯನ್ನೂ ಹಚ್ಚಿಸಲಾರರು ಅಷ್ಟೇ ಎಂದರು. ಅದು ಬೆದರಿಕೆಯಾಗಿರಲಿಲ್ಲ. ನಾನು ರಾಜೀನಾಮೆ ಕೊಡಲಿಲ್ಲ.

ದೀಪಾವಳಿ ಮುಗಿದು ಕ್ಯಾಂಪು ತೆರೆಯುವ ತಯಾರಿ ನಡೆದಿತ್ತು. ಚಾರಣಕ್ಕೆ ಹೊಸ ಗೈಡ್ ಹುಡುಕುತ್ತಿದ್ದೆ. ಒಂದು ದಿನ ಬೆಳಗಿನ ಬಸ್ಸಿಗೆ ತೀರಿಹೋದ ಗೈಡ್ ಹೆಂಡತಿ ಬಂದರು. ಚಪ್ಪರದಲ್ಲಿ ಕೂರಿಸಿ ಚಹಾ ಕೊಟ್ಟೆ. ಮಗಳ ಓದು, ಒಂದು ದನ ಮಾರಿದ್ದು, ಇಷ್ಟು ಮಾತಾದ ಮೇಲೆ ಲೋಟ ಕೆಳಗಿಟ್ಟರು.

"ಅವ್ರ ಕೆಲ್ಸ ನಂಗೆ ಕೊಡಿ ಅಕ್ಕಾ."

ನನಗೆ ಅರ್ಥವಾಗಲಿಲ್ಲ ಎಂದುಕೊಂಡರೋ ಏನೋ, ಮತ್ತೆ ಹೇಳಿದರು. "ದಾರಿ ನಂಗೂ ಗೊತ್ತು. ಮದ್ವೆ ಆದಾಗಿಂದ ಸೌದೆ, ದರಗು ಅಂತ ಅದೇ ಕಾಡು ತಿರುಗಿದೀನಿ. ಹೆಂಗಸ್ರು ಗೈಡ್ ಆಗ್ಬಾರ್ದು ಅಂತ ಉಂಟಾ?"

"ಅಡಿಗೆಮನೇಲಿ ಏನಾದ್ರೂ ನೋಡ್ತೀನಿ" ಎಂದೆ.

"ಅಲ್ಲಿ ಇಬ್ರಿದಾರಲ್ಲ. ನನ್ನ ದೆಸೆಯಿಂದ ಯಾರನ್ನೂ ಬಿಡಿಸ್ಬೇಡಿ."

"ಹೆದ್ರಿಕೆ ಆಗಲ್ವಾ ನಿಮಗೆ?"

"ಆಗದೆ ಎಂತ? ದರಗಿನ ಸದ್ದು ಕೇಳಿದ್ರೂ ಮೈ ನಡುಗತ್ತೆ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಹೆದರ್ಕಂಡು ಮನೇಲಿ ಕೂತ್ರೆ ಅವ್ಳು ಓದು ಬಿಡ್ಬೇಕು. ನೀವು ಕೊಡ್ದಿದ್ರೆ ನಿಟ್ಟೂರಿಗೆ ಹೋಗಿ ಕೇಳ್ತೀನಿ."

ಇದ್ದದ್ದನ್ನು ಹೇಳಿಬಿಡಬೇಕು ಎನಿಸಿತು. "ಮಂಗ ಸತ್ತರೆ ಈ ಸಲವೂ ದಾರಿ ಮುಚ್ತೀನಿ. ಮುಚ್ಚಿದ್ರೆ ಕೂಲಿ ಇರಲ್ಲ. ಅದನ್ನ ಬದಲಾಯ್ಸಕ್ಕೆ ನನ್ನಿಂದ ಆಗಲಿಲ್ಲ."

"ಗೊತ್ತು. ಅವ್ರು ಹೇಳಿದ್ರು" ಎಂದರು.

ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ವಾಪಸು ಹೋಗುವ ಬಸ್ಸಿಗೆ ಹೊತ್ತಾಗಿತ್ತು.

"ಯಾವತ್ತಿಂದ ಬರ್ಲಿ?"

ಸೋಮವಾರ ಬನ್ನಿ ಎಂದೆ.